ಒಂದು, ಐದು, ಮೂರು, ಆರು, ಎರಡು, ನಾಲ್ಕು

ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ಎತ್ತುತ್ತಿತ್ತು. ಎಂಜಿನ್ ಹಿಡಿದುಕೊಳ್ಳಲು ಮಾತ್ರ ನಾಲ್ಕೈದು ಸಲ ಕೆಮ್ಮುತ್ತಿತ್ತು. ಹಿಡಿದ ಕೂಡಲೇ ಸೈಲೆನ್ಸರಿನಿಂದ ಒಂದು ಬೊಗಸೆ ನೀಲಿ ಹೊಗೆ. ಆಮೇಲೆ ಐಡ್ಲಿಂಗಿನಲ್ಲಿ ಒಂದು ಕುಂಟು ನಡೆ: ಐದು ಹೆಜ್ಜೆ ಸರಿ, ಆರನೆಯದು ತಪ್ಪು. ಆ ತಪ್ಪು ಬಂದಾಗಲೆಲ್ಲ ಗೇರ್ ಕೋಲಿನ ತುದಿಯ ಗುಂಡು ನಡುಗುತ್ತಿತ್ತು. ಏರಿನಲ್ಲಿ ಪಿಕಪ್ ಇಲ್ಲ, ಪೆಟ್ರೋಲು ಮಾತ್ರ ಧಾರಾಳವಾಗಿ ಕುಡಿಯುತ್ತಿತ್ತು.

ಮಿಷಿಗನ್ನಿನ ನಮ್ಮ ಮನೆಯಂಗಳದಲ್ಲಿ ನಿಂತಿರುವ ಈ ಟ್ರಕ್ಕು 1972ರ ಫೋರ್ಡ್ ಎಫ್-100. ಊರಿನಲ್ಲಿ ಟ್ರಕ್ಕೆಂದರೆ ಹತ್ತು ಚಕ್ರದ ಲಾರಿ ಕಣ್ಣಿಗೆ ಬರುತ್ತದೆ. ಇಲ್ಲಿ ಟ್ರಕ್ಕೆಂದರೆ ಮುಂದೆ ಮೂವರು ಕೂರುವ ಒಂದು ಸೀಟು, ಹಿಂದೆ ಹುಲ್ಲು, ಕಟ್ಟಿಗೆ, ಮಂಚ ಏನು ಬೇಕಾದರೂ ಹೇರುವ ತೆರೆದ ತೊಟ್ಟಿ. ಇದರ ಎಂಜಿನ್ ಆರು ಸಿಲಿಂಡರುಗಳು ಸಾಲಾಗಿ ನಿಂತ 4.9 ಲೀಟರಿನದು. ಇಲ್ಲಿಯವರ ಬಾಯಲ್ಲಿ ಅದು ‘ತ್ರೀ ಹಂಡ್ರೆಡ್’, ಅಂದರೆ 300 ಘನ ಇಂಚು. 1965ರಿಂದ 1996ರವರೆಗೆ ಫೋರ್ಡ್ ಇದನ್ನು ತಯಾರಿಸಿತು. ಮನೆಮನೆಗೆ ಪಾರ್ಸೆಲ್ ಹಂಚುವ ವ್ಯಾನುಗಳಲ್ಲೂ ಇದೇ ಎಂಜಿನ್ ದುಡಿದಿದೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಎರಡೂ ಬದಿ ಖಾಲಿ ಜಾಗ, ಸಪೂರ ಮನುಷ್ಯ ಒಳಗೇ ಇಳಿದು ನಿಂತು ಕೆಲಸ ಮಾಡಬಹುದು. ಪೆಟ್ರೋಲು ಒಳಗೆ ಹೋಗುವ ಕೊಳವೆ, ಹೊಗೆ ಹೊರಗೆ ಬರುವ ಕೊಳವೆ ಎರಡೂ ಒಂದು ಪಕ್ಕ. ಪ್ಲಗ್ಗುಗಳು ಮತ್ತೊಂದು ಪಕ್ಕ. ಮೊದಲ ಸಲ ಕೈಹಾಕುವವನಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಆದರೂ ನಾನು ಮೊದಲ ಸಲ ಕೈಹಾಕಿದಾಗ ಕೆಟ್ಟದ್ದೇ ಆಯಿತು. ಹೋದ ಅಕ್ಟೋಬರಿನ ಒಂದು ಭಾನುವಾರ ಹೊಸ ಪ್ಲಗ್ಗು, ಪಾಯಿಂಟು, ಕಂಡೆನ್ಸರು, ವಯರುಗಳು ಎಲ್ಲವನ್ನೂ ತಂದು, ಹಳೆಯದನ್ನೆಲ್ಲ ಒಮ್ಮೆಲೇ ಕಳಚಿ, ಹೊಸದನ್ನೆಲ್ಲ ಒಮ್ಮೆಲೇ ಹಾಕಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತಲ್ಲ, ಕಾರ್ಬ್ಯುರೇಟರಿನ ತಿರುಪನ್ನೂ ಅರ್ಧ ಸುತ್ತು ತಿರುಗಿಸಿದೆ. ಸಂಜೆ ಎಂಜಿನ್ ಹಿಡಿಯಿತು, ಮೊದಲಿಗಿಂತ ಕೆಟ್ಟದಾಗಿ. ಐದು ವಿಷಯ ಬದಲಾಯಿಸಿದ್ದೆ. ಕೆಡಿಸಿದ್ದು ಯಾವುದೆಂದು ತಿಳಿಯಲು ದಾರಿಯೇ ಇರಲಿಲ್ಲ. ಆ ರಾತ್ರಿ ಟಾರ್ಚ್ ಹಿಡಿದು ಹಳೆಯ ಸಾಮಾನನ್ನೆಲ್ಲ ಮತ್ತೆ ಅದರದರ ಜಾಗಕ್ಕೆ ಹಾಕಿದೆ, ತಿರುಪನ್ನೂ ಅರ್ಧ ಸುತ್ತು ಹಿಂದಕ್ಕೆ ತಂದೆ.

ಮಾರನೆಯ ದಿನ ತೀರ್ಥಹಳ್ಳಿಗೆ ಫೋನ್ ಮಾಡಿದೆ. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಪೆಟ್ರೋಲ್ ಜೀಪು ಓಡಿಸಿದವರು. ಘಾಟಿಯ ನಡುವೆ ಮಳೆಯಲ್ಲಿ ಜೀಪು ನಿಂತರೆ ಯಾರನ್ನೂ ಕಾಯುವ ಹಾಗಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಡೆಲ್ಕೊ ಕ್ಯಾಪ್ ಬಿಚ್ಚೋ ಮುಂಚೆ ಗುರುತು ಹಾಕ್ಕೋ ಮಾರಾಯ. ವಯರ್ ಎಲ್ಲ ಒಟ್ಟಿಗೆ ಕೀಳ್ಬೇಡ. ಒಂದು ತೆಗಿ, ಒಂದು ಹಾಕು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಕಾರ್ಬ್ಯುರೇಟರ್ ಮುಟ್ಟೋದು ಕಡೇಗೆ. ಮೊದಲು ಮುಟ್ಟಿದ್ಯೋ, ಆಯ್ತು ಕತೆ” ಎಂದು ಸೇರಿಸಿದರು.

ಡೆಲ್ಕೊ ಎನ್ನುವ ಮಾತು ಚಿಕ್ಕಂದಿನಿಂದ ಕೇಳಿದ್ದೆ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಗ್ಯಾರೇಜುಗಳಲ್ಲಿ ಅದೇ ಹೆಸರು. ಅದು ಒಂದು ಕಂಪನಿಯ ಹೆಸರಿನ ಮೊದಲಕ್ಷರಗಳು, ಆ ಕಂಪನಿ ಹುಟ್ಟಿದ್ದು ನಾನೀಗ ಇರುವ ಊರಿನಿಂದ ಇನ್ನೂರು ಮೈಲಿ ದಕ್ಷಿಣಕ್ಕೆ ಎಂದು ಇಲ್ಲಿಗೆ ಬಂದ ಎಷ್ಟೋ ವರ್ಷದ ಮೇಲೆ ತಿಳಿಯಿತು. ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಒಹಾಯೊದ ಡೇಟನ್ ನಗರದಲ್ಲಿ ಅಂಗಡಿಗಳ ಹಣದ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯಲ್ಲಿದ್ದ ಚಾರ್ಲ್ಸ್ ಕೆಟರಿಂಗ್, ಎಡ್ವರ್ಡ್ ಡೀಡ್ಸ್ ಎಂಬವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗೆಳೆಯರನ್ನು ಸೇರಿಸಿಕೊಂಡು, ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಕಾರಿಗೆ ಹೊಸ ಬಗೆಯ ಇಗ್ನಿಷನ್ ಕಟ್ಟಿದರು. 1909ರಲ್ಲಿ ಕಂಪನಿಯಾಯಿತು, 1910ರ ಮಾಡೆಲ್ ಕ್ಯಾಡಿಲಾಕ್ ಕಾರುಗಳಿಗೆ ಅದು ಬಂತು. 1912ರ ಮಾಡೆಲ್ಲಿಗೆ ಅದೇ ಕೆಟರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರನ್ನೂ ಕೊಟ್ಟರು. ‘ಡೆಲ್ಕೊ ಹೋಗಿದೆ’, ‘ಸೆಲ್ಫ್ ಎತ್ತುತ್ತಿಲ್ಲ’ ಎಂದು ಶಿವಮೊಗ್ಗದ ಗ್ಯಾರೇಜಿನಲ್ಲಿ ಆಡುವ ಎರಡು ಮಾತುಗಳ ಹಿಂದೆಯೂ ಆ ಕೊಟ್ಟಿಗೆಯ ಒಬ್ಬನೇ ಮನುಷ್ಯನಿದ್ದಾನೆ. ಮನೆಯ ಹಿತ್ತಲಿನಲ್ಲಿ ಹುಟ್ಟಿದ ಯಂತ್ರವನ್ನು ಮನೆಯಂಗಳದಲ್ಲಿ ಸರಿಮಾಡಲು ಆಗಲೇಬೇಕು ಎಂದು ನನಗೆ ಧೈರ್ಯ ಬಂದದ್ದು ಇದನ್ನು ಓದಿದಾಗ.

ಕೆಟರಿಂಗ್ ಮಾಡಿದ್ದು ಇಷ್ಟು. ಕಾಯಿಲ್ ಎಂಬ ಡಬ್ಬಿಯೊಳಗೆ ಎರಡು ತಂತಿಸುರುಳಿಗಳಿವೆ. ಒಂದು ದಪ್ಪ ತಂತಿ, ಕೆಲವೇ ನೂರು ಸುತ್ತು. ಇನ್ನೊಂದು ಕೂದಲಿನಂಥ ತಂತಿ, ಸಾವಿರಾರು ಸುತ್ತು. ಪಾಯಿಂಟ್ ಎನ್ನುವುದು ಡೆಲ್ಕೊದೊಳಗಿನ ಪುಟ್ಟ ಸ್ವಿಚ್ಚು. ಅದು ಮುಚ್ಚಿರುವಷ್ಟು ಹೊತ್ತು ಬ್ಯಾಟರಿಯ ಕರೆಂಟು ದಪ್ಪ ಸುರುಳಿಯಲ್ಲಿ ಹರಿದು ಕಾಂತ ತುಂಬುತ್ತದೆ. ತೆರೆದ ಕ್ಷಣ ಆ ಕಾಂತ ಕುಸಿಯುತ್ತದೆ. ಕುಸಿಯುವ ರಭಸಕ್ಕೆ ಸಣ್ಣ ತಂತಿಯಲ್ಲಿ ಸುಮಾರು 20 ಸಾವಿರ ವೋಲ್ಟ್ ಏಳುತ್ತದೆ. ಡೆಲ್ಕೊದೊಳಗೆ ತಿರುಗುವ ರೋಟರ್ ಅದನ್ನು ಸರದಿ ಬಂದ ಪ್ಲಗ್ಗಿಗೆ ತಲುಪಿಸುತ್ತದೆ. ಕಂಡೆನ್ಸರ್ ಇಲ್ಲದಿದ್ದರೆ ಪಾಯಿಂಟಿನ ಬಾಯಲ್ಲೇ ಕಿಡಿ ಹಾರಿ ಅದು ಬೇಗನೆ ಸುಟ್ಟುಹೋಗುತ್ತದೆ.

ಈಗ ಲೆಕ್ಕ ಹಾಕಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಆರು ಸಿಲಿಂಡರಿಗೆ ಸೆಕೆಂಡಿಗೆ 150 ಕಿಡಿ ಬೇಕು. ಅಂದರೆ ಆ ಪುಟ್ಟ ಸ್ವಿಚ್ಚು ಸೆಕೆಂಡಿಗೆ 150 ಸಲ ತೆರೆದು ಮುಚ್ಚಬೇಕು. ಕಾಯಿಲ್ ತುಂಬಲು ಪ್ರತಿ ಸಲ ಸಿಗುವುದು ಸುಮಾರು ನಾಲ್ಕು ಮಿಲಿಸೆಕೆಂಡ್. ಪಾಯಿಂಟನ್ನು ಎತ್ತುವುದು ಕ್ಯಾಮಿನ ಆರು ಮೂಲೆಗಳಿಗೆ ಉಜ್ಜಿಕೊಂಡಿರುವ ಒಂದು ಫೈಬರ್ ತುಂಡು. ಅದು ಸವೆಯುತ್ತದೆ, ಸವೆಯಲೇಬೇಕು. ಅದಕ್ಕೇ ಹತ್ತು-ಹನ್ನೆರಡು ಸಾವಿರ ಮೈಲಿಗೊಮ್ಮೆ ಟ್ಯೂನಿಂಗ್ ಎಂಬ ಕೆಲಸ ಇತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಅಮೆರಿಕದ ಕಂಪನಿಗಳು ಒಂದೊಂದಾಗಿ ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಹೋದವು, ಪಾಯಿಂಟು ಇಲ್ಲವಾಯಿತು. ಆಗ ಪಾಯಿಂಟ್ ಸೆಟ್ ಮಾಡುತ್ತಿದ್ದವರಿಗೆ ಈಗ ವಯಸ್ಸಾಗಿದೆ. ಹಳೆಯ ವಾಹನ ಇಟ್ಟುಕೊಂಡವನು ತಾನೇ ಕಲಿಯುವುದು ಈಗ ಹವ್ಯಾಸವಷ್ಟೇ ಅಲ್ಲ, ಅಗತ್ಯ.

ಎರಡನೆಯ ಸಲ ನಾನು ಹೊಸ ಸಾಮಾನಿನ ಪೆಟ್ಟಿಗೆ ತೆರೆಯಲೇ ಇಲ್ಲ. ಮೊದಲು ಅಳೆದು, ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಐಡ್ಲಿಂಗಿನಲ್ಲಿ ವ್ಯಾಕ್ಯೂಮ್ ಗೇಜಿನ ಮುಳ್ಳು 15ರ ಹತ್ತಿರ, ನಡುಗುತ್ತಾ. ಡ್ವೆಲ್ ಮೀಟರಿನಲ್ಲಿ 40 ಡಿಗ್ರಿ. ಟೈಮಿಂಗ್, ಅಂದರೆ ಪಿಸ್ಟನ್ ತುದಿ ಮುಟ್ಟುವ ಎಷ್ಟು ಮುಂಚೆ ಕಿಡಿ ಹಾರುತ್ತದೆ ಎಂಬುದು, 2 ಡಿಗ್ರಿ. ಆಮೇಲೆ ಹಿಡಿಗೆ ದಪ್ಪ ರಬ್ಬರ್ ಇರುವ ಇಕ್ಕಳದಿಂದ ಒಂದೊಂದೇ ಪ್ಲಗ್ ವಯರನ್ನು ಎತ್ತಿ ನೋಡಿದೆ. ಕೆಲಸ ಮಾಡುತ್ತಿರುವ ಸಿಲಿಂಡರಿನ ವಯರ್ ಎತ್ತಿದರೆ ಎಂಜಿನ್ ಕುಗ್ಗಬೇಕು. ಒಂದು, ಎರಡು ಎತ್ತಿದಾಗ ಕುಗ್ಗಿತು. ಮೂರು ಎತ್ತಿದಾಗ ಏನೂ ವ್ಯತ್ಯಾಸವಿಲ್ಲ. ಕುಂಟುತ್ತಿದ್ದ ಕಾಲು ಸಿಕ್ಕಿತು.

ಎಂಜಿನ್ ಬಿಸಿಯಿರುವಾಗಲೇ, ಪ್ಲಗ್ಗಿನ ಬುಡದ ಕಸವನ್ನು ಗಾಳಿ ಹೊಡೆದು ತೆಗೆದೆ. ಇದನ್ನು ಮರೆತರೆ ಆ ಮರಳೆಲ್ಲ ಪ್ಲಗ್ ಬಿಚ್ಚಿದ ತೂತಿನಿಂದ ಸಿಲಿಂಡರಿಗೇ ಬೀಳುತ್ತದೆ. ಆರೂ ಪ್ಲಗ್ಗು ಬಿಚ್ಚಿ ಮೊಟ್ಟೆಯ ಡಬ್ಬಿಯ ಗುಳಿಗಳಲ್ಲಿ, ರೇಡಿಯೇಟರಿನ ಕಡೆಯಿಂದ ಲೆಕ್ಕ ಮಾಡಿ, ಸಾಲಾಗಿ ನಿಲ್ಲಿಸಿದೆ. ಹಳೆಯ ಪ್ಲಗ್ಗನ್ನು ನೇರ ಕಸದ ಬುಟ್ಟಿಗೆ ಎಸೆಯುವವರನ್ನು ಕಂಡರೆ ನನಗೀಗ ಹೊಟ್ಟೆಯುರಿಯುತ್ತದೆ. ಸಿಲಿಂಡರಿನ ಒಳಗನ್ನು ಕಂಡು ಬಂದದ್ದು ಅದೊಂದೇ. ತುದಿ ಕಾಫಿ ಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಬಿಳುಚಿ ಗುಳ್ಳೆ ಎದ್ದಿದ್ದರೆ ಅತಿ ಬಿಸಿ. ಅದನ್ನು ಕಂಡರೆ ಬೇರೆಲ್ಲ ಬಿಟ್ಟು ಕಾರಣ ಹುಡುಕಬೇಕು, ತಡಮಾಡಿದರೆ ಪಿಸ್ಟನ್ ತೂತಾಗುತ್ತದೆ. ಕರಿ ಮತ್ತು ಜಿಡ್ಡು ಎರಡೂ ಇದ್ದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ ಎಂದರ್ಥ. ನನ್ನ ಐದು ಪ್ಲಗ್ಗು ಸ್ವಲ್ಪ ಕಡುಗಾಫಿ ಬಣ್ಣ. ಮೂರನೆಯದು ಹರಳೆಣ್ಣೆಯಲ್ಲಿ ಅದ್ದಿ ತೆಗೆದ ಕಾಡಿಗೆಯ ಹಾಗೆ.

ಪ್ಲಗ್ಗು ಹೊರಗಿರುವಾಗಲೇ ಕಂಪ್ರೆಷನ್ ನೋಡಿದೆ. ಕಾಯಿಲಿನ ವಯರ್ ನಾನು ತೆಗೆದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವ ಕೆಲಸ ಮಗಳಿಗೆ. “ಅಪ್ಪ, ಎಷ್ಟು ಹೊತ್ತು?” ಎಂದು ಕೇಳುತ್ತಾ ಪ್ರತಿ ಸಿಲಿಂಡರಿಗೂ ಐದಾರು ಸಲ ಸೆಲ್ಫ್ ಹೊಡೆದಳು. ಐದು ಸಿಲಿಂಡರ್ 140ರಿಂದ 150 ಪೌಂಡ್ ತೋರಿಸಿದವು, ಮೂರನೆಯದು 138. ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗಿಳಿಯಬಾರದು ಎಂಬುದು ನಿಯಮ. ಇದು ಪಾಸು. ಈ ಪರೀಕ್ಷೆಯಲ್ಲಿ ಸೋತ ಎಂಜಿನ್ನನ್ನು ಟ್ಯೂನ್ ಮಾಡಿ ಪ್ರಯೋಜನವಿಲ್ಲ. ಮೊದಲು ಇದನ್ನು ನೋಡದೆ ನೂರಾರು ಡಾಲರಿನ ಸಾಮಾನು ಹಾಕಿಸಿಕೊಂಡವರಿದ್ದಾರೆ.

ಹೊಸ ಪ್ಲಗ್ಗಿನ ಗ್ಯಾಪನ್ನು 0.034 ಇಂಚಿಗೆ ಸರಿಮಾಡಿ, ಎರಡು ಬೆರಳಿನಲ್ಲೇ ತಿರುಪು ಹತ್ತಿಸಿದೆ. ಪಾನಾ ಮುಟ್ಟುವುದು ಕಡೆಯ ಬಿಗಿಗೆ ಮಾತ್ರ. ವಾಷರ್ ಇರುವ ಪ್ಲಗ್ಗಿಗೆ ಕೂತ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು. ವಾಷರ್ ಇಲ್ಲದೆ ಬುಡ ಇಳಿಜಾರಾಗಿರುವುದಕ್ಕೆ ಹದಿನಾರನೇ ಒಂದು ಸುತ್ತು ಸಾಕು. ಇಳಿಜಾರಿನದನ್ನು ಜೋರಾಗಿ ಬಿಗಿದರೆ ಮುಂದಿನ ಸಲ ಬಿಚ್ಚುವಾಗ ಮುರಿದುಕೊಂಡೇ ಬರುತ್ತದೆ.

ವಯರುಗಳನ್ನು ಚಿಕ್ಕಪ್ಪ ಹೇಳಿದ ಹಾಗೆ ಒಂದೊಂದಾಗಿ ಬದಲಾಯಿಸಿದೆ. ಅವರ ಜೀಪಿನ ನಾಲ್ಕು ಸಿಲಿಂಡರಿನ ಕ್ರಮ 1-3-4-2. ನನ್ನದು 1-5-3-6-2-4. ಈ ಸರದಿಯನ್ನು ಸುಮ್ಮನೆ ಇಟ್ಟದ್ದಲ್ಲ. ಪಕ್ಕಪಕ್ಕದ ಎರಡು ಸಿಲಿಂಡರು ಒಂದರ ಬೆನ್ನಿಗೆ ಒಂದು ಎಲ್ಲಿಯೂ ಉರಿಯುವುದಿಲ್ಲ, ನೋಡಿ. ಉದ್ದನೆಯ ಕ್ರ್ಯಾಂಕಿನ ಒಂದೇ ಕಡೆ ಪೆಟ್ಟಿನ ಮೇಲೆ ಪೆಟ್ಟು ಬೀಳದಂತೆ ಹಂಚಿದ್ದಾರೆ. ಒಂದು ಮತ್ತು ಆರು, ಐದು ಮತ್ತು ಎರಡು, ಮೂರು ಮತ್ತು ನಾಲ್ಕು ಜೋಡಿಯಾಗಿ ಏರಿ ಜೋಡಿಯಾಗಿ ಇಳಿಯುತ್ತವೆ. ಇದನ್ನು ತಿಳಿದ ಮೇಲೆ ಆ ಅಂಕಿಗಳು ನನಗೆ ಮಗ್ಗಿಯ ಹಾಗೆ ಬಾಯಿಗೆ ಬಂದವು. ಹಳೆಯ ವಯರ್ ಸೋರುತ್ತಿದೆಯೋ ಎಂದು ನೋಡಲು ಮೀಟರೂ ಬೇಡ. ಕತ್ತಲಾದ ಮೇಲೆ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಸೋರುವಲ್ಲಿ ನೀಲಿ ಕಿಡಿ ಮಿಣುಕುವುದು ಕಣ್ಣಿಗೇ ಕಾಣುತ್ತದೆ.

ಇನ್ನು ಪಾಯಿಂಟು. ಅದನ್ನು ಹಿಡಿದಿರುವ ಸ್ಕ್ರೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅಕ್ಟೋಬರಿನಲ್ಲಿ ಅದು ಕೈಜಾರಿ ಡೆಲ್ಕೊದ ತಟ್ಟೆಯೊಳಗೆ ಬಿದ್ದು, ಒಂದು ಗಂಟೆ ಹುಡುಕಿದ್ದೆ. ಸಿಗುವವರೆಗೆ ಸೆಲ್ಫ್ ಮುಟ್ಟುವಂತಿಲ್ಲ, ಮುಟ್ಟಿದರೆ ಒಳಗಿನದೆಲ್ಲ ಪುಡಿ. ಈ ಸಲ ಸ್ಕ್ರೂಡ್ರೈವರಿನ ತುದಿಯನ್ನು ಅಯಸ್ಕಾಂತಕ್ಕೆ ಉಜ್ಜಿಕೊಂಡೆ. ಫೈಬರ್ ತುಂಡು ಕ್ಯಾಮಿನ ಮೂಲೆಯ ಮೇಲೆ ನಿಂತು, ಪಾಯಿಂಟು ಪೂರ್ತಿ ತೆರೆದಿರುವಾಗ ಫೀಲರ್ ಗೇಜಿನಿಂದ 0.027 ಇಂಚು ಅಳೆಯಬೇಕು. ಗೇಜು ಸಣ್ಣಗೆ ತಡೆದು ಜಾರಬೇಕು, ಪುಸ್ತಕದಿಂದ ನವಿಲುಗರಿ ಎಳೆದಂತೆ. ಅಳೆದ ಮೇಲೆ ಗೇಜಿನ ಜಿಡ್ಡು ಪಾಯಿಂಟಿನ ಬಾಯಲ್ಲಿ ಉಳಿಯುತ್ತದೆ. ಶುಭ್ರವಾದ ದಪ್ಪ ಕಾಗದದ ಚೂರನ್ನು ನಡುವೆ ಇಟ್ಟು ಎಳೆದು ಒರೆಸಬೇಕು. ಇದನ್ನು ಬಿಟ್ಟದ್ದರಿಂದಲೇ ಹೊಸ ಪಾಯಿಂಟು ಸತ್ತ ಉದಾಹರಣೆ ಬೇಕಾದಷ್ಟಿವೆ. ಕ್ಯಾಮಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸಾಕು, ಹೆಚ್ಚಾದರೆ ಹಾರಿ ಪಾಯಿಂಟಿಗೆ ಮೆತ್ತುತ್ತದೆ.

ಹೊಸ ಪಾಯಿಂಟು ಕೂರಿಸಿ ಎಂಜಿನ್ ಓಡಿಸಿದಾಗ ಡ್ವೆಲ್ 37 ಡಿಗ್ರಿಗೆ ಬಂತು, ಪುಸ್ತಕದಲ್ಲಿ ಇದ್ದಂತೆಯೇ. ಡ್ವೆಲ್ ಎಂದರೆ ಕ್ಯಾಮಿನ ಒಂದು ಮೂಲೆಗೆ ಸಿಗುವ 60 ಡಿಗ್ರಿಯಲ್ಲಿ ಪಾಯಿಂಟು ಮುಚ್ಚಿರುವ ಪಾಲು. ಆಮೇಲೆ ಟೈಮಿಂಗ್ ಲೈಟ್ ಹಿಡಿದು ನೋಡಿದೆ. ಡೆಲ್ಕೊದ ಬುಡವನ್ನು ನಾನು ಮುಟ್ಟಿಯೇ ಇರಲಿಲ್ಲ. ಆದರೂ ಟೈಮಿಂಗ್ 2 ಡಿಗ್ರಿಯಿಂದ 5 ಡಿಗ್ರಿಗೆ ಬಂದಿತ್ತು.

ನನ್ನ ಅಕ್ಟೋಬರಿನ ಸೋಲಿನ ಗುಟ್ಟು ಈ ಮೂರು ಡಿಗ್ರಿಯಲ್ಲಿತ್ತು. ಫೈಬರ್ ಸವೆದರೆ ಪಾಯಿಂಟಿನ ಗ್ಯಾಪ್ ಕಿರಿದಾಗುತ್ತದೆ, ಕಿರಿದಾದರೆ ಅದು ತೆರೆಯುವುದು ತಡ, ತಡವಾದರೆ ಕಿಡಿಯೂ ತಡ. ಪಾಯಿಂಟು ಸರಿಪಡಿಸಿದರೆ ಟೈಮಿಂಗ್ ತಾನೇ ಸರಿಯುತ್ತದೆ. ಟೈಮಿಂಗ್ ಸರಿದರೆ ಐಡ್ಲಿಂಗ್ ವೇಗ ಏರುತ್ತದೆ. ವೇಗ ಏರಿದರೆ ಕಾರ್ಬ್ಯುರೇಟರಿಗೆ ಮಾಡಿದ ಹೊಂದಿಕೆ ಸುಳ್ಳಾಗುತ್ತದೆ. ಹಾಗಾಗಿ ಮೊದಲು ಪಾಯಿಂಟು, ಆಮೇಲೆ ಟೈಮಿಂಗು, ಕಡೆಗೆ ಕಾರ್ಬ್ಯುರೇಟರು. ಹಿಂದುಮುಂದಾದರೆ ಮಾಡಿದ ಕೆಲಸವನ್ನು ನೀವೇ ಅಳಿಸುತ್ತಾ ಹೋಗುತ್ತೀರಿ. ತೀರ್ಥಹಳ್ಳಿಯ ಆ ಒಂದು ವಾಕ್ಯದಲ್ಲಿ ಇಷ್ಟೂ ಇತ್ತು.

ಕಿಡಿಯನ್ನು ಪಿಸ್ಟನ್ ತುದಿ ಮುಟ್ಟುವ ಮೊದಲೇ ಯಾಕೆ ಹಚ್ಚಬೇಕು ಎಂದು ಮಗಳು ಕೇಳಿದಳು. ಬೆಂಕಿ ಒಂದೇ ಸಲ ಹತ್ತಿಕೊಳ್ಳುವುದಿಲ್ಲ, ಹರಡಲು ಕೆಲವು ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 600 ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕು ನಾಲ್ಕು ಡಿಗ್ರಿಯೂ ತಿರುಗುವುದಿಲ್ಲ. 3,000 ಸುತ್ತಿನಲ್ಲಿ ಅದೇ ಹೊತ್ತಿಗೆ 18 ಡಿಗ್ರಿ ತಿರುಗಿರುತ್ತದೆ. ಅದಕ್ಕೇ ವೇಗ ಹೆಚ್ಚಿದಂತೆ ಕಿಡಿ ಇನ್ನೂ ಮುಂಚೆ ಬರಬೇಕು. ಡೆಲ್ಕೊದ ಕೆಳಗೆ ಸ್ಪ್ರಿಂಗ್ ಕಟ್ಟಿದ ಎರಡು ತೂಕದ ಕಲ್ಲುಗಳಂಥ ತುಂಡುಗಳಿವೆ. ವೇಗ ಏರಿದರೆ ಅವು ಹೊರಕ್ಕೆ ಚಾಚಿ ಕ್ಯಾಮನ್ನು ಮುಂದಕ್ಕೆ ತಳ್ಳುತ್ತವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎರಡು ಸ್ಪ್ರಿಂಗು ಈ ಲೆಕ್ಕವನ್ನು ಮಾಡುತ್ತಿದ್ದವು. ನನಗೆ ಇದು ಇಡೀ ಎಂಜಿನ್ನಿನಲ್ಲಿ ಅತ್ಯಂತ ಸುಂದರವಾದ ಭಾಗ.

ಟೈಮಿಂಗ್ ನೋಡುವಾಗ ಡೆಲ್ಕೊಗೆ ಬರುವ ವ್ಯಾಕ್ಯೂಮ್ ಪೈಪನ್ನು ತೆಗೆದು ಬಾಯಿ ಮುಚ್ಚಬೇಕು, ಇಲ್ಲವಾದರೆ ಅಂಕಿ ತಪ್ಪು ಬರುತ್ತದೆ. ಪುಲ್ಲಿಯ ಗುರುತಿಗೆ ಸೀಮೆಸುಣ್ಣ ಹಚ್ಚಿ, ಒಂದನೇ ವಯರಿಗೆ ಲೈಟು ಕಚ್ಚಿಸಿದರೆ, ಮಿಂಚುವ ಬೆಳಕಿನಲ್ಲಿ ತಿರುಗುವ ಪುಲ್ಲಿ ನಿಂತಂತೆ ಕಾಣುತ್ತದೆ. ಅದೇ ಬೆಳಕಿನಲ್ಲಿ ಫ್ಯಾನೂ ನಿಂತಂತೆ ಕಾಣಬಹುದು! ಅದು ನಿಂತಿಲ್ಲ. ಸಡಿಲ ತೋಳು, ಸರ, ಉಂಗುರ, ಬಿಚ್ಚುಗೂದಲು ಇವುಗಳೊಂದಿಗೆ ಆ ಜಾಗಕ್ಕೆ ಹೋಗಲೇಬೇಡಿ. ಇನ್ನೊಂದು ಮಾತು, ಚಳಿಯ ನಾಡಿನಲ್ಲಿರುವ ನಮ್ಮವರಿಗೆ ಮುಖ್ಯವಾಗಿ: ಗ್ಯಾರೇಜಿನೊಳಗೆ ಎಂಜಿನ್ ಓಡಿಸಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮನೆಯೊಳಕ್ಕೂ ನುಗ್ಗುತ್ತದೆ. ವಾಹನವನ್ನು ಅಂಗಳಕ್ಕೆ ತಳ್ಳಿ.

ಬುಡದ ಬೋಲ್ಟ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಡೆಲ್ಕೊವನ್ನು ಕೂದಲೆಳೆಯಷ್ಟು ತಿರುಗಿಸಿದೆ. 6 ಡಿಗ್ರಿಗೆ ಬಂತು, ನನ್ನ ಟ್ರಕ್ಕಿಗೆ ಬೇಕಾದಷ್ಟೇ. ಬೋಲ್ಟ್ ಬಿಗಿದು ಮತ್ತೊಮ್ಮೆ ನೋಡಿದೆ; ಬಿಗಿಯುವಾಗ ಜರುಗುವುದುಂಟು.

ಈ ಎಂಜಿನ್ನಿನ ಟ್ಯಾಪೆಟ್ಟುಗಳು ಹೈಡ್ರಾಲಿಕ್, ಕೈಹಾಕುವ ಕೆಲಸವಿಲ್ಲ. ಏರ್ ಫಿಲ್ಟರ್ ಬದಲಾಯಿಸಿ ಕಾರ್ಬ್ಯುರೇಟರಿಗೆ ಬಂದೆ. ವ್ಯಾಕ್ಯೂಮ್ ಗೇಜ್ ಹಾಕಿ, ಮಿಕ್ಸ್ಚರ್ ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿ ಸಲ ಎಂಜಿನ್ ಹೊಂದಿಕೊಳ್ಳಲು ಅರ್ಧ ನಿಮಿಷ ಕಾದೆ. ಮುಳ್ಳು ಅತಿ ಮೇಲೆ ಹೋಗಿ ನಿಂತ ಜಾಗವೇ ಸರಿ. ಆರೋಗ್ಯವಂತ ಎಂಜಿನ್ ಸಮುದ್ರಮಟ್ಟದ ಹತ್ತಿರ 17ರಿಂದ 21 ಇಂಚು ತೋರಿಸಬೇಕು. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮೂರು ಸಾವಿರ ಅಡಿಯ ಬೆಂಗಳೂರಿನಲ್ಲಿ ಹಳೆಯ ಪದ್ಮಿನಿಯನ್ನೋ ಅಂಬಾಸಿಡರನ್ನೋ ಇಟ್ಟುಕೊಂಡವರು ಅಮೆರಿಕದ ಪುಸ್ತಕದ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ, ಮೂರು ಕಳೆದುಕೊಳ್ಳಿ. ನನ್ನ ಮುಳ್ಳು 19ಕ್ಕೆ ಬಂದು ನಿಂತಿತು. ಗೇರ್ ಕೋಲಿನ ಗುಂಡೂ ನಿಂತಿತು. ಮಗಳು ಅದರ ಮೇಲೆ ಒಂದು ನಾಣ್ಯ ಇಟ್ಟು ನೋಡಿದಳು, ಬೀಳಲಿಲ್ಲ.

ಉಳಿದದ್ದು ಮೂರನೇ ಸಿಲಿಂಡರು. ಹೊಸ ಪ್ಲಗ್ಗಿನಿಂದ ಅದು ಈಗ ಉರಿಯುತ್ತಿದೆ, ಆದರೆ ಹಳೆಯದರ ಮೇಲಿನ ಜಿಡ್ಡು ಎಲ್ಲಿಂದಲೋ ಬಂದದ್ದೇ ತಾನೆ? ಕಂಪ್ರೆಷನ್ ಸರಿಯಿದೆ, ಹಾಗಾಗಿ ರಿಂಗುಗಳ ಮೇಲೆ ನನಗೆ ಸಂಶಯವಿಲ್ಲ. ರಾತ್ರಿಯೆಲ್ಲ ನಿಂತ ಮೇಲೆ ಮೊದಲ ಹಿಡಿತಕ್ಕೆ ಮಾತ್ರ ನೀಲಿ ಹೊಗೆ, ಆಮೇಲೆ ಇಲ್ಲ. ವಾಲ್ವಿನ ಕಡ್ಡಿಗೆ ತೊಡಿಸಿರುವ ರಬ್ಬರ್ ಸೀಲು ಕಾಲದಿಂದ ಒಣಗಿ ಗಟ್ಟಿಯಾಗಿರಬೇಕು. ಮೇಲಿನ ಆಯಿಲು ರಾತ್ರಿ ಅದರ ಸಂದಿನಿಂದ ಇಳಿಯುತ್ತಿದೆ. ಹೆಡ್ ಬಿಚ್ಚದೆಯೇ, ಪ್ಲಗ್ಗಿನ ತೂತಿನಿಂದ ಗಾಳಿ ಒತ್ತಿ ವಾಲ್ವು ಕೆಳಗೆ ಬೀಳದಂತೆ ಹಿಡಿದು, ಸೀಲು ಬದಲಾಯಿಸಬಹುದಂತೆ. ಆರು ಸಿಲಿಂಡರಿಗೆ ಹನ್ನೆರಡು ಸೀಲು ತರಿಸಿದ್ದೇನೆ. ಮೊಟ್ಟೆಯ ಡಬ್ಬಿ, ನೋಟ್‌ಬುಕ್ಕು ಎರಡೂ ಕೆಲಸದ ಮೇಜಿನ ಮೇಲೇ ಇವೆ. ಮಳೆ ಬಾರದಿದ್ದರೆ ಶನಿವಾರ ಮೂರನೆಯದರಿಂದಲೇ ಶುರು.